ಕ್ಲಸ್ಟರ್ ಕಟ್ಟುವಾಗ ಶೇರ್ಡ್ ಸ್ಟೋರೇಜ್, ನೆಟ್‌ವರ್ಕ್ ಕೈಕೊಟ್ರೆ ಎಲ್ಲಿಂದ ಹುಡುಕ್ಬೇಕು

ಎರಡು ಮೂರು ಸರ್ವರ್ ಸೇರ್ಸಿ ಕ್ಲಸ್ಟರ್ (ಒಂದು ಸತ್ರೆ ಇನ್ನೊಂದು ಕೆಲಸ ಎತ್ಕೊಳ್ಳೋ ಗುಂಪು) ಮಾಡೋಕೆ ಕೂತವ್ರು ಸಾಮಾನ್ಯವಾಗಿ ಮೊದ್ಲು ಕ್ಲಸ್ಟರ್ ಸಾಫ್ಟ್‌ವೇರ್ ಹಾಕ್ತಾರೆ, ಆಮೇಲೆ ಎಲ್ಲಾ ಸರ್ವರೂ ಹಂಚಿಕೊಳ್ಳೋ ಡಿಸ್ಕ್ ಕಾಣ್ತಿಲ್ಲ, ನೋಡ್ (ಕ್ಲಸ್ಟರಿನ ಒಂದು ಸರ್ವರ್) ಆಫ್‌ಲೈನ್ ಅಂತಿದೆ, ರಿಸೋರ್ಸ್ (ಕ್ಲಸ್ಟರ್ ನೋಡ್ಕೊಳ್ಳೋ ಸರ್ವೀಸ್, ಡಿಸ್ಕ್, ಐಪಿ) ಸ್ಟಾರ್ಟೇ ಆಗ್ತಿಲ್ಲ ಅಂತ ಕ್ಲಸ್ಟರ್ ಲಾಗ್ ಓದ್ತಾ ರಾತ್ರಿಯೆಲ್ಲಾ ಕೂರ್ತಾರೆ. ಆ ಲಾಗಲ್ಲಿ ಕಾಣೋದು ಮೇಲಿನ ಲಕ್ಷಣ, ರೋಗ ಇರೋದು ಕೆಳಗೆ, ಕೇಬಲ್ಲಲ್ಲೋ ಸ್ವಿಚ್ಚಲ್ಲೋ ಡಿಸ್ಕಿನ ಹೆಸರಲ್ಲೋ. ಅದಕ್ಕೇ ನಾನು ಈಗ ಪಾಲಿಸೋದು ಇಷ್ಟು: ಕ್ಲಸ್ಟರ್ ಸಾಫ್ಟ್‌ವೇರ್ ಹಾಕೋಕೆ ಮುಂಚೆನೇ ಪ್ರತಿ ಸರ್ವರಿಂದ್ಲೂ ಪ್ರತಿ ನೆಟ್‌ವರ್ಕು ಪ್ರತಿ ಡಿಸ್ಕು ಸರಿ ಇದೆ ಅಂತ ಕೈಯಾರೆ ಪರೀಕ್ಷೆ ಮಾಡಿ ಬರ್ದಿಟ್ಕೋತೀನಿ, ಆಮೇಲೇನೇ ಮುಂದಿನ ಮಾತು. ಈಗಾಗ್ಲೇ ಹಾಕಿಬಿಟ್ಟಿದ್ರೆ ಕ್ಲಸ್ಟರ್ ಸರ್ವೀಸ್ ಎಲ್ಲಾ ಕಡೆ ನಿಲ್ಸಿ ಕೆಳಗಿಂದ ಶುರು ಮಾಡಿ, ಅದು ಓಡ್ತಾ ಇರೋವಾಗ್ಲೇ ಡಿಸ್ಕ್ ಮುಟ್ಟಿದ್ರೆ ನೀವೊಂದು ಕಡೆ ಎಳೀತೀರ ಅದೊಂದು ಕಡೆ ಎಳಿಯುತ್ತೆ.

ಸೆಟಪ್ ಟೈಮಲ್ಲಿ ನಾನು ನೋಡಿದ ತೊಂದ್ರೆಗಳನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಬಹುಪಾಲು ಎರಡೇ ಜಾತಿ. ಒಂದು, ಎರಡು ವಸ್ತುಗೆ ಒಂದೇ ಹೆಸರು ಇರೋದು. ಇನ್ನೊಂದು, ಒಂದೇ ವಸ್ತುಗೆ ಎರಡು ಹೆಸರು ಇರೋದು. ಇದೊಂದು ತಲೇಲಿ ಇಟ್ಕೊಂಡು ಹುಡುಕಿದ್ರೆ ಅರ್ಧ ದಾರಿ ತಾನಾಗೇ ಸವೆಯುತ್ತೆ.

ಕ್ಲೋನ್ ಮಾಡಿದ ಸರ್ವರ್ ಇದ್ರೆ ಅಲ್ಲಿಂದ್ಲೇ ಶುರು ಮಾಡಿ

ಇದನ್ನ ನಾನು ಕಲ್ತಿದ್ದು ಎರಡು ವರ್ಚುವಲ್ ಮಷೀನಿನ ಒಂದು ಸಣ್ಣ ಕ್ಲಸ್ಟರಲ್ಲಿ. ಮೊದಲ್ನೇ ಮಷೀನ್ ಚೆನ್ನಾಗಿ ರೆಡಿ ಮಾಡಿ ಅದನ್ನೇ ಕ್ಲೋನ್ ಮಾಡಿ ಎರಡ್ನೇದು ಮಾಡ್ದೆ, ಹೋಸ್ಟ್‌ನೇಮ್ ಬದಲಾಯ್ಸ್ದೆ, ಐಪಿ ಬದಲಾಯ್ಸ್ದೆ, ಎಲ್ಲಾ ಆಯ್ತು ಅನ್ಕೊಂಡೆ. ಮೊದಲ್ನೇ ಸರ್ವರ್ ಐ-ಸ್ಕಸಿ (ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡೋ ಪದ್ಧತಿ) ಟಾರ್ಗೆಟ್‌ಗೆ, ಅಂದ್ರೆ ಡಿಸ್ಕ್ ಕೊಡೋ ಸ್ಟೋರೇಜಿಗೆ ಲಾಗಿನ್ ಆದ್ರೆ ಡಿಸ್ಕ್ ಚೆನ್ನಾಗೇ ಬರುತ್ತೆ, ಎರಡ್ನೇದು ಲಾಗಿನ್ ಆದ ತಕ್ಷಣ ಮೊದಲ್ನೇದರ ಸೆಷನ್ ಬಿದ್ದೋಗುತ್ತೆ, ಅದು ತಾನೇ ಮತ್ತೆ ಕನೆಕ್ಟ್ ಆಗುತ್ತೆ ಆಗ ಎರಡ್ನೇದು ಬೀಳುತ್ತೆ, ಹಿಂಗೆ ಕೆಲವು ಸೆಕೆಂಡಿಗೊಂದ್ಸಲ ಎರಡೂ ಕಡೆ ಲಾಗಲ್ಲಿ ಎರರ್ 1020, ಟಿಸಿಪಿ ಕನೆಕ್ಷನ್ ಕ್ಲೋಸ್ ಆಯ್ತು ಅಂತ ಸಾಲುಸಾಲು ಬರ್ತಾ ಇತ್ತು. ನೋಡಿದ್ರೆ ಯಾರಿಗಾದ್ರೂ ನೆಟ್‌ವರ್ಕ್ ಕಟ್ಟಾಗಿ ಕಟ್ಟಾಗಿ ಬರ್ತಿದೆ ಅಂತಲೇ ಅನ್ಸುತ್ತೆ, ನನಗೂ ಹಂಗೇ ಅನ್ಸಿ ಅರ್ಧ ದಿನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಅಂತ, ವರ್ಚುವಲ್ ನೆಟ್‌ವರ್ಕ್ ಕಾರ್ಡಿನ ಟೈಪ್ ಅಂತ ತಿದ್ದಿದ್ದೇ ತಿದ್ದಿದ್ದು. ಆದ್ರೆ ಪಿಂಗ್ ಒಂದೂ ತಪ್ಪಿರ್ಲಿಲ್ಲ. ಆಗ ಎರಡೂ ಟರ್ಮಿನಲ್ ಅಕ್ಕಪಕ್ಕ ಇಟ್ಟು ಇನಿಷಿಯೇಟರ್ (ಡಿಸ್ಕ್ ಕೇಳೋ ಸರ್ವರ್) ಹೆಸರಿನ ಫೈಲ್ ತೆಗ್ದು ನೋಡಿದ್ರೆ ಎರಡರಲ್ಲೂ ಒಂದೇ ಐಕ್ಯೂಎನ್ (ಐ-ಸ್ಕಸಿಯಲ್ಲಿ ಸರ್ವರಿನ ಗುರುತಿನ ಹೆಸರು), ಕೊನೇ ಅಕ್ಷರದವರೆಗೂ ಒಂದೇ.

ಟಾರ್ಗೆಟ್ ಕಡೆಯಿಂದ ಯೋಚ್ನೆ ಮಾಡಿ, ಅದಕ್ಕೆ ಸರ್ವರ್ ಗುರುತು ಸಿಗೋದೇ ಆ ಹೆಸರಿಂದ. ಅದೇ ಹೆಸರಲ್ಲಿ ಹೊಸ ಲಾಗಿನ್ ಬಂದ್ರೆ ಹಳೇ ಸೆಷನ್ ಸತ್ತೋಗಿದೆ, ಅದೇ ಸರ್ವರ್ ವಾಪಸ್ ಬಂದಿದೆ ಅನ್ಕೊಂಡು ಹಳೇದನ್ನ ಕಿತ್ತಾಕುತ್ತೆ, ಅದರ ಕೆಲಸ ಅದು ಸರಿಯಾಗೇ ಮಾಡ್ತಿದೆ. ಪರಿಹಾರ ಐದು ನಿಮಿಷದ್ದು: ಎರಡ್ನೇ ಸರ್ವರಲ್ಲಿ ಲಾಗೌಟ್ ಆಗಿ, ಐ-ಸ್ಕಸಿ ಪ್ಯಾಕೇಜ್ ಜೊತೆ ಬರೋ ಹೆಸರು ಹುಟ್ಟಿಸೋ ಕಮಾಂಡ್ ಓಡ್ಸಿ, ಬಂದ ಹೊಸ ಐಕ್ಯೂಎನ್ ಆ ಫೈಲಿಗೆ ಹಾಕಿ ಸರ್ವೀಸ್ ರೀಸ್ಟಾರ್ಟ್ ಮಾಡಿ, ಸ್ಟೋರೇಜ್ ಕಡೆ ಆಕ್ಸೆಸ್ ಲಿಸ್ಟಿಗೆ ಹೊಸ ಹೆಸರು ಸೇರ್ಸಿ, ಮತ್ತೆ ಲಾಗಿನ್ ಆಗಿ. ಸ್ಟೋರೇಜ್ ಕಡೆ ಸೇರ್ಸೋದು ಮರೀಬೇಡಿ, ಲಾಗಿನ್ ಆಗುತ್ತೆ ಆದ್ರೆ ಡಿಸ್ಕ್ ಮಾತ್ರ ಬರಲ್ಲ ಅನ್ನೋ ಸ್ಥಿತಿಗೆ ಸಾಮಾನ್ಯ ಕಾರಣ ಅದೇ.

ಕ್ಲೋನ್ ಅಂದ್ಮೇಲೆ ಇನ್ನೂ ಮೂರು ಕಡೆ ನೋಡ್ಬೇಕು. ಮಷೀನ್ ಐಡಿ ಫೈಲ್ ಎರಡರಲ್ಲೂ ಒಂದೇ ಇದ್ರೆ, ಸಿಸ್ಟಮ್‌ಡಿ ನೆಟ್‌ವರ್ಕ್ ಬಳಸೋ ಕಡೆ ಡಿಎಚ್‌ಸಿಪಿ (ಐಪಿ ಹಂಚೋ ಸರ್ವೀಸ್) ಎರಡಕ್ಕೂ ಒಂದೇ ಐಪಿ ಕೊಟ್ಬಿಡಬಹುದು, ಯಾಕಂದ್ರೆ ಸರ್ವರ್ ಅದಕ್ಕೆ ಹೇಳೋ ಗುರುತು ಹುಟ್ಟೋದು ಆ ಐಡಿಯಿಂದ. ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಕ್ಲೋನ್ ಜೊತೆಗೇ ಬಂದಿದ್ಯಾ ನೋಡಿ. ಐಪಿ ಬೇರೆ ಯಾರಾದ್ರೂ ಹಿಡ್ಕೊಂಡಿದ್ದಾರಾ ಅಂತ ತಿಳ್ಕೊಳ್ಳೋಕೆ ಆರ್ಪಿಂಗ್ ಕಮಾಂಡಲ್ಲಿ ಡುಪ್ಲಿಕೇಟ್ ಪತ್ತೆ ಮಾಡೋ ಆಪ್ಷನ್ ಇದೆ, ಕ್ಲಸ್ಟರ್ ವರ್ಚುವಲ್ ಐಪಿ (ಸರ್ವೀಸ್ ಎಲ್ಲಿ ಓಡುತ್ತೋ ಅಲ್ಲಿಗೆ ಹೋಗೋ ಐಪಿ) ಅಂತ ಯಾವುದನ್ನ ಇಟ್ಕೋಬೇಕು ಅಂತಿದೀರೋ ಅದನ್ನೂ ಸೇರ್ಸಿ ಓಡ್ಸಿ.

ಹೋಸ್ಟ್ಸ್ ಫೈಲ್ (ಯಾವ ಹೆಸರಿಗೆ ಯಾವ ಐಪಿ ಅಂತ ಬರೆದಿಡೋದು) ಕೂಡ ಇದೇ ಸಾಲಿಗೆ ಸೇರುತ್ತೆ. ಡೆಬಿಯನ್, ಉಬುಂಟು ಇನ್‌ಸ್ಟಾಲ್ ಮಾಡಿದಾಗ ಸರ್ವರ್ ಹೆಸರಿನ ಮುಂದೆ 127.0.1.1 ಅಂತ ಒಂದು ಸಾಲು ತಾನೇ ಬರೆದಿರುತ್ತೆ. ಕ್ಲಸ್ಟರ್ ಸಾಫ್ಟ್‌ವೇರ್ ತನ್ನ ಹೆಸರು ಯಾವ ಐಪಿ ಅಂತ ಕೇಳಿದಾಗ ಆ ಲೂಪ್‌ಬ್ಯಾಕ್ ಅಡ್ರೆಸ್ (ತನ್ನ ಜೊತೆ ತಾನೇ ಮಾತಾಡೋ ಐಪಿ) ಸಿಗುತ್ತೆ, ಅದು ಅಲ್ಲೇ ಕೂತ್ಕೊಳ್ಳುತ್ತೆ, ಪಕ್ಕದ ಸರ್ವರ್ ಎಷ್ಟು ಕೂಗಿದ್ರೂ ಕೇಳ್ಸಲ್ಲ. ಎರಡೂ ಕಡೆ ನಾನೊಬ್ನೇ ಆನ್‌ಲೈನ್ ಇನ್ನೊಬ್ಬ ಆಫ್‌ಲೈನ್ ಅಂತ ತೋರ್ಸಿದ್ರೆ ಮೊದಲ್ನೇ ಕೆಲಸ ಈ ಫೈಲ್ ತೆರೆದು ನೋಡೋದು. ಆ ಸಾಲು ಅಳ್ಸಿ, ಎಲ್ಲಾ ಸರ್ವರಿನ ನಿಜವಾದ ಐಪಿ ಮತ್ತು ಹೆಸರು ಎಲ್ಲಾ ಕಡೆ ಒಂದೇ ಥರ ಬರೀರಿ. ಡಿಎನ್‌ಎಸ್ ಇದೆ ಅಂತ ಬಿಡ್ಬೇಡಿ, ಡಿಎನ್‌ಎಸ್ ಬಿದ್ದ ದಿನ ಕ್ಲಸ್ಟರೂ ಬೀಳೋದು ಬೇಡ.

ತಂತಿ, ಸ್ವಿಚ್ಚು, ಪ್ಯಾಕೆಟ್ಟು

ಪಿಂಗ್ ಹೋಯ್ತು ಅಂದ್ರೆ ನೆಟ್‌ವರ್ಕ್ ಸರಿ ಇದೆ ಅಂತ ಅಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲ್ದು. ಸಾದಾ ಪಿಂಗ್ ಪ್ಯಾಕೆಟ್ ಚಿಕ್ಕದು, ಚಿಕ್ಕ ಪ್ಯಾಕೆಟ್ ಎಲ್ಲಾ ಕಡೆ ತೂರಿ ಹೋಗುತ್ತೆ. ಸ್ಟೋರೇಜ್ ನೆಟ್‌ವರ್ಕಿಗೆ ಜಂಬೋ ಫ್ರೇಮ್ ಅಂತ ಎಂಟಿಯು 9000 ಇಟ್ಟಿರ್ತೀರ, ಸರ್ವರಲ್ಲಿ ಇಟ್ರಿ ಸ್ಟೋರೇಜಲ್ಲೂ ಇಟ್ರಿ, ಮಧ್ಯದ ಸ್ವಿಚ್ಚಲ್ಲಿ ಒಂದು ಪೋರ್ಟ್ ಮಾತ್ರ 1500ರಲ್ಲೇ ಉಳ್ಕೊಂಡಿದೆ. ಆಗ ಏನಾಗುತ್ತೆ ಗೊತ್ತಾ, ಪಿಂಗ್ ಹೋಗುತ್ತೆ, ಐ-ಸ್ಕಸಿ ಡಿಸ್ಕವರಿ ಆಗುತ್ತೆ, ಲಾಗಿನ್ ಕೂಡ ಆಗುತ್ತೆ, ಡಿಸ್ಕ್ ಕಾಣುತ್ತೆ, ಫೈಲ್ ಸಿಸ್ಟಮ್ ಮಾಡೋಕೆ ಹೋದಾಗ ಮಾತ್ರ ಕಲ್ಲಿನ ಥರ ನಿಂತುಬಿಡುತ್ತೆ, ಯಾಕಂದ್ರೆ ದೊಡ್ಡ ಪ್ಯಾಕೆಟ್ ಹೊರಡೋದೇ ಆಗ.

ಇದಕ್ಕೆ ಪರೀಕ್ಷೆ ಒಂದೇ ನಿಮಿಷದ್ದು. ಪಿಂಗಿಗೆ ಪ್ಯಾಕೆಟ್ ತುಂಡು ಮಾಡ್ಬೇಡ ಅನ್ನೋ ಆಪ್ಷನ್ ಹಾಕಿ ಸೈಜ್ 8972 ಕೊಡಿ, 9000ದಲ್ಲಿ ಐಪಿ ಹೆಡರ್ 20 ಬೈಟ್, ಐಸಿಎಂಪಿ ಹೆಡರ್ 8 ಬೈಟ್ ಕಳೆದ್ರೆ ಉಳಿಯೋದು ಅಷ್ಟು. 1500 ಇದ್ರೆ ಅದೇ ಲೆಕ್ಕದಲ್ಲಿ 1472. ಲಿನಕ್ಸಲ್ಲೂ ಆಗುತ್ತೆ ವಿಂಡೋಸಲ್ಲೂ ಆಗುತ್ತೆ, ಆಪ್ಷನ್ ಅಕ್ಷರ ಮಾತ್ರ ಬೇರೆ. ಪ್ರತಿ ಸರ್ವರಿಂದ ಸ್ಟೋರೇಜಿನ ಪ್ರತಿ ಪೋರ್ಟಿಗೂ, ಒಂದು ಸರ್ವರಿಂದ ಇನ್ನೊಂದಕ್ಕೂ, ಎರಡೂ ದಿಕ್ಕಲ್ಲಿ ಓಡ್ಸಿ. ಒಂದು ದಿಕ್ಕಲ್ಲಿ ಹೋಗಿ ಇನ್ನೊಂದು ದಿಕ್ಕಲ್ಲಿ ಹೋಗ್ದೇ ಇದ್ರೆ ಹುಡುಕೋ ಜಾಗ ಕಿರಿದಾಯ್ತು ಅಂತ ಅರ್ಥ. ಸ್ವಿಚ್ ನಿಮ್ಮ ಕೈಲಿಲ್ಲ, ಅಲ್ಲಿ ಏನು ಸೆಟ್ ಮಾಡಿದಾರೋ ಗ್ಯಾರಂಟಿ ಇಲ್ಲ ಅಂದ್ರೆ ನನ್ನ ಮಾತು ಕೇಳಿ 1500ರಲ್ಲೇ ಇರಿ, ಜಂಬೋ ಫ್ರೇಮಿಂದ ಸಿಗೋ ವೇಗಕ್ಕಿಂತ ಅರೆಬರೆ ಜಂಬೋ ಫ್ರೇಮ್ ಕೊಡೋ ತಲೆನೋವು ದೊಡ್ಡದು.

ಆಮೇಲೆ ಇಥ್‌ಟೂಲ್ ಓಡ್ಸಿ ಲಿಂಕ್ ಸ್ಪೀಡ್, ಡ್ಯೂಪ್ಲೆಕ್ಸ್ ನೋಡಿ. ಹತ್ತು ಗಿಗಾಬಿಟ್ ಅಂದ್ಕೊಂಡಿರೋ ಕಡೆ ಒಂದು ಗಿಗಾಬಿಟ್ಟೋ ನೂರು ಮೆಗಾಬಿಟ್ಟೋ ತೋರ್ಸಿದ್ರೆ ಮೊದ್ಲು ಕೇಬಲ್ ಬದಲಾಯ್ಸಿ. ಅದೇ ಕಮಾಂಡಲ್ಲಿ ಎರರ್ ಕೌಂಟರ್ ಸಿಗುತ್ತೆ, ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್) ಅನ್ನೋದು ಎಷ್ಟಿದೆ ಅನ್ನೋದಕ್ಕಿಂತ ಏರ್ತಾ ಇದ್ಯಾ ಅನ್ನೋದು ಮುಖ್ಯ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಏರ್ತಿದ್ರೆ ಅದು ಕೇಬಲ್ಲು, ಟ್ರಾನ್ಸೀವರ್ ಅಥವಾ ಪೋರ್ಟಿನ ವಿಷ್ಯ, ಸಾಫ್ಟ್‌ವೇರ್ ಕಡೆ ತಿರುಗಿ ನೋಡೋ ಅಗತ್ಯನೇ ಇಲ್ಲ. ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯೋ ಸಾಧನ) ಹಾಕಿ ಕಾಲು ಗಂಟೆ ಪೂರ್ತಿ ಲೋಡ್ ಕೊಟ್ಟು ಆಗ ಕೌಂಟರ್ ನೋಡೋದು ಇನ್ನೂ ಒಳ್ಳೇದು.

ಬಾಂಡಿಂಗ್ (ಎರಡು ನೆಟ್‌ವರ್ಕ್ ಕಾರ್ಡ್ ಸೇರ್ಸಿ ಒಂದು ಮಾಡೋದು) ಮಾಡಿದ್ರೆ ಒಂದು ಎಚ್ಚರ. ಸರ್ವರ್ ಕಡೆ ಎಲ್‌ಎಸಿಪಿ (ಸ್ವಿಚ್ ಜೊತೆ ಮಾತಾಡಿ ಲಿಂಕ್ ಸೇರ್ಸೋ) ಮೋಡ್ ಇಟ್ಟು ಸ್ವಿಚ್ ಕಡೆ ಅದಕ್ಕೆ ತಕ್ಕ ಗ್ರೂಪ್ ಮಾಡ್ದೇ ಇದ್ರೆ ಕೆಲವು ಪ್ಯಾಕೆಟ್ ಹೋಗುತ್ತೆ ಕೆಲವು ಹೋಗಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಕರ್ನಲ್ ತೋರ್ಸೋ ಬಾಂಡಿಂಗ್ ಸ್ಟೇಟಸ್ ಫೈಲಲ್ಲಿ ಎರಡೂ ಕಾರ್ಡಿನ ಅಗ್ರಿಗೇಟರ್ ಐಡಿ ಒಂದೇ ಇರ್ಬೇಕು, ಪಾರ್ಟ್ನರ್ ಮ್ಯಾಕ್ ಬರೀ ಸೊನ್ನೆ ಇರ್ಬಾರ್ದು. ಸ್ವಿಚ್ ಕಡೆ ನಿಮಗೆ ಕೈ ಇಲ್ಲ ಅಂದ್ರೆ ಆಕ್ಟಿವ್-ಬ್ಯಾಕಪ್ (ಒಂದು ಕಾರ್ಡ್ ಓಡುತ್ತೆ, ಇನ್ನೊಂದು ಕಾಯುತ್ತೆ) ಮೋಡ್ ಸಾಕು, ಅದಕ್ಕೆ ಸ್ವಿಚ್ಚಲ್ಲಿ ಏನೂ ಬೇಡ.

ಸರ್ವರ್ ರೀಬೂಟ್ ಆದ್ಮೇಲೆ ಮಾತ್ರ ಸ್ಟೋರೇಜ್ ಸಿಗಲ್ಲ, ಕೈಯಲ್ಲಿ ಮತ್ತೆ ಮೌಂಟ್ (ಡಿಸ್ಕನ್ನ ಬಳಕೆಗೆ ಜೋಡಿಸೋದು) ಮಾಡಿದ್ರೆ ಆಗುತ್ತೆ ಅನ್ನೋದು ಇನ್ನೊಂದು ಹಳೇ ಕಾಯಿಲೆ. ಸ್ವಿಚ್ ಪೋರ್ಟಲ್ಲಿ ಹಳೇ ಸ್ಪ್ಯಾನಿಂಗ್ ಟ್ರೀ (ಸ್ವಿಚ್ಚುಗಳ ಮಧ್ಯೆ ಪ್ಯಾಕೆಟ್ ಸುತ್ತೋದು ತಡೆಯೋ ವ್ಯವಸ್ಥೆ) ಇದ್ರೆ ಲಿಂಕ್ ಮೇಲೆದ್ದ ಮೇಲೆ ಲಿಸನಿಂಗ್ 15 ಸೆಕೆಂಡ್, ಲರ್ನಿಂಗ್ 15 ಸೆಕೆಂಡ್, ಒಟ್ಟು ಅರ್ಧ ನಿಮಿಷ ಒಂದೂ ಪ್ಯಾಕೆಟ್ ಬಿಡಲ್ಲ, ಅಷ್ಟರಲ್ಲಿ ನಿಮ್ಮ ಸರ್ವರ್ ಬೂಟ್ ಆಗಿ ಮೌಂಟ್ ಮಾಡೋಕೆ ಹೋಗಿ ಸೋತಿರುತ್ತೆ. ಸರ್ವರ್ ಕಡೆ ಇರೋ ಪೋರ್ಟುಗಳನ್ನ ಎಡ್ಜ್ ಪೋರ್ಟ್ ಅಂತ ಮಾಡಿಸ್ಕೊಳ್ಳಿ, ಸಿಸ್ಕೋದಲ್ಲಿ ಅದಕ್ಕೆ ಪೋರ್ಟ್‌ಫಾಸ್ಟ್ ಅಂತಾರೆ. ಎಫ್‌ಸ್ಟ್ಯಾಬ್ (ಬೂಟಲ್ಲಿ ಏನೇನು ಮೌಂಟ್ ಆಗ್ಬೇಕು ಅನ್ನೋ) ಫೈಲಲ್ಲಿ ನೆಟ್‌ವರ್ಕ್ ಡಿಸ್ಕಿನ ಸಾಲಿಗೆ ನೆಟ್‌ಡೆವ್ (ನೆಟ್‌ವರ್ಕ್ ಎದ್ದ ಮೇಲೇ ಮೌಂಟ್ ಮಾಡು ಅನ್ನೋ) ಆಪ್ಷನ್ ಇದ್ಯಾ ಅಂತ್ಲೂ ನೋಡಿ. ಇಲ್ಲಿ ಹೇಳಿದ್ದು ಕ್ಲಸ್ಟರ್ ಕೈಗೆ ಕೊಡದೇ ಇರೋ ಮೌಂಟಿಗೆ ಮಾತ್ರ, ಕ್ಲಸ್ಟರ್ ನೋಡ್ಕೊಳ್ಳೋ ಫೈಲ್ ಸಿಸ್ಟಮ್ ಎಫ್‌ಸ್ಟ್ಯಾಬಲ್ಲಿ ಇರ್ಲೇಬಾರ್ದು.

ಐ-ಸ್ಕಸಿಗೆ ಎರಡು ಕಾರ್ಡ್ ಇದ್ದು ಎರಡಕ್ಕೂ ಒಂದೇ ಸಬ್‌ನೆಟ್ (ಐಪಿ ಗುಂಪು) ಕೊಟ್ಟಿದ್ರೆ ದಯವಿಟ್ಟು ಬದಲಾಯ್ಸಿ. ಲಿನಕ್ಸ್ ಒಂದು ಕಾರ್ಡಿನ ಐಪಿಗೆ ಬಂದ ಆರ್ಪ್ (ಈ ಐಪಿಯ ಮ್ಯಾಕ್ ಯಾವುದು ಅನ್ನೋ) ಪ್ರಶ್ನೆಗೆ ಇನ್ನೊಂದು ಕಾರ್ಡಿಂದ್ಲೂ ಉತ್ತರ ಕೊಡುತ್ತೆ, ಹೊರಗೆ ಹೋಗೋ ಟ್ರಾಫಿಕ್ ಎಲ್ಲಾ ಒಂದೇ ಕಾರ್ಡಲ್ಲಿ ಹೋಗುತ್ತೆ, ನಿಮಗೆ ಎರಡು ದಾರಿ ಇದೆ ಅಂತ ಕಾಣುತ್ತೆ ಆದ್ರೆ ಇರೋದು ಒಂದೇ. ಮೊದಲ್ನೇ ಕೇಬಲ್ ಕಿತ್ತಾಗ ಎರಡೂ ಪಾತ್ ಒಟ್ಟಿಗೆ ಸಾಯುತ್ತೆ. ಎರಡು ಕಾರ್ಡಿಗೆ ಎರಡು ಸಬ್‌ನೆಟ್, ಎರಡು ವಿಲ್ಯಾನ್ (ಸ್ವಿಚ್ಚಲ್ಲಿ ಬೇರೆ ಮಾಡಿದ ನೆಟ್‌ವರ್ಕ್), ಸಾಧ್ಯ ಆದ್ರೆ ಎರಡು ಸ್ವಿಚ್. ಸ್ಟೋರೇಜ್ ಒಂದೇ ಸಬ್‌ನೆಟ್ ಕೇಳೋ ಜಾತಿಯದಾದ್ರೆ ಮಾತ್ರ ಐ-ಸ್ಕಸಿ ಇಂಟರ್‌ಫೇಸ್ ಬೈಂಡಿಂಗ್ ಮಾಡಿ, ಆರ್ಪ್ ಇಗ್ನೋರ್ 1, ಆರ್ಪ್ ಅನೌನ್ಸ್ 2 ಅಂತ ಕರ್ನಲ್ ಸೆಟಿಂಗ್ ಹಾಕಿ.

ಡಿಸ್ಕ್ ಕಾಣ್ಬೇಕು, ಎಲ್ಲಾ ಕಡೆ ಅದೇ ಡಿಸ್ಕ್ ಕಾಣ್ಬೇಕು

ಡಿಸ್ಕೇ ಕಾಣ್ತಿಲ್ಲ ಅಂದ್ರೆ ಮೊದ್ಲು ಪೋರ್ಟ್ 3260 ತೆರೆದಿದ್ಯಾ ನೋಡಿ, ಐ-ಸ್ಕಸಿ ಕೇಳೋದು ಅಲ್ಲೇ. ಡಿಸ್ಕವರಿ ಮಾಡಿದಾಗ ಸ್ಟೋರೇಜ್ ತನ್ನ ಎಲ್ಲಾ ಐಪಿ ಹೇಳ್ಬಿಡುತ್ತೆ, ನಿಮ್ಮ ಸರ್ವರಿಗೆ ತಲುಪೋಕೇ ಆಗದ ಐಪಿನೂ ಸೇರಿ, ಆಮೇಲೆ ಬೂಟ್ ಆಗುವಾಗ ಆ ಸಿಗದ ಐಪಿಗಳಿಗೆ ಒಂದೊಂದಕ್ಕೂ ಕಾಯ್ತಾ ನಿಮಿಷಗಟ್ಟಲೆ ನಿಲ್ಲುತ್ತೆ. ಬೇಡದ ಪೋರ್ಟಲ್ (ಸ್ಟೋರೇಜ್ ಹೇಳಿದ ಐಪಿ) ರೆಕಾರ್ಡ್ ಅಳ್ಸಿಹಾಕಿ. ಫೈಬರ್ ಚಾನೆಲ್ (ಸ್ಟೋರೇಜಿಗೇ ಅಂತ ಇರೋ ಬೇರೆ ನೆಟ್‌ವರ್ಕ್) ಆದ್ರೆ ಹುಡುಕೋ ಸಾಲು ಹೀಗೆ: ಲಿಂಕ್ ಆನ್‌ಲೈನಾ, ಸ್ವಿಚ್ಚಲ್ಲಿ ನಿಮ್ಮ ಪೋರ್ಟ್ ಹೆಸರು ಅಂದ್ರೆ ಡಬ್ಲ್ಯುಡಬ್ಲ್ಯುಪಿಎನ್ ಲಾಗಿನ್ ಆಗಿದ್ಯಾ, ಝೋನಲ್ಲಿ (ಯಾರು ಯಾರನ್ನ ನೋಡ್ಬಹುದು ಅನ್ನೋ ಪಟ್ಟಿ) ಸೇರಿದ್ಯಾ, ಝೋನಿಂಗ್ ಮಾಡಿ ಆಕ್ಟಿವೇಟ್ ಮಾಡೋದು ಮರೆತಿದಾರಾ, ಕೊನೇಗೆ ಸ್ಟೋರೇಜಲ್ಲಿ ಲನ್ (ಸ್ಟೋರೇಜ್ ಹಂಚಿ ಕೊಡೋ ಡಿಸ್ಕ್) ಈ ಹೋಸ್ಟಿಗೆ ಮ್ಯಾಪ್ ಆಗಿದ್ಯಾ. ಆ ಡಬ್ಲ್ಯುಡಬ್ಲ್ಯುಪಿಎನ್ ಹದಿನಾರು ಅಂಕಿ ಅಕ್ಷರದ್ದು, ಕಣ್ಣಲ್ಲಿ ಓದಿ ಕೈಯಲ್ಲಿ ಟೈಪ್ ಮಾಡ್ಬೇಡಿ, 8 ಇರೋ ಕಡೆ ಬಿ ಬಿದ್ರೆ ಒಂದು ದಿನ ಹೋಯ್ತು, ಸಿಸ್ಟಮಿಂದ ಕಾಪಿ ಮಾಡಿಯೇ ಕಳ್ಸಿ.

ಡಿಸ್ಕ್ ಕಾಣ್ತು ಅಂದ್ಕೊಳ್ಳಿ. ಎರಡು ಕಂಟ್ರೋಲರ್ ಎರಡು ಕಾರ್ಡ್ ಇದ್ರೆ ಒಂದೇ ಲನ್ ನಾಲ್ಕು ಡಿಸ್ಕಾಗಿ ಕಾಣುತ್ತೆ, ಇದೇ ನಾನು ಹೇಳಿದ ಒಂದು ವಸ್ತುಗೆ ಹಲವು ಹೆಸರು. ಅದನ್ನ ಒಂದು ಮಾಡೋದಕ್ಕೇ ಮಲ್ಟಿಪಾತ್ ಇರೋದು. ಮಲ್ಟಿಪಾತ್ ಓಡ್ತಿಲ್ದೇ ಇರೋವಾಗ ಯಾರೋ ಎಸ್‌ಡಿಬಿ (ಆ ನಾಲ್ಕರಲ್ಲಿ ಒಂದರ ಹೆಸರು) ಮೇಲೆ ನೇರವಾಗಿ ಎಲ್‌ವಿಎಂ (ಡಿಸ್ಕನ್ನ ವಾಲ್ಯೂಮ್ ಆಗಿ ಹಂಚೋ ಸಾಧನ) ಮಾಡ್ಬಿಟ್ರೆ ಆಮೇಲೆ ಮಲ್ಟಿಪಾತ್ ಆ ಡಿಸ್ಕ್ ಹಿಡಿಯೋಕೆ ಹೋದಾಗ ಡಿವೈಸ್ ಬ್ಯುಸಿ ಅನ್ನುತ್ತೆ, ಅಥವಾ ಎಲ್‌ವಿಎಂ ಡುಪ್ಲಿಕೇಟ್ ಪಿವಿ (ಅದೇ ಡಿಸ್ಕ್ ಎರಡು ಸಲ ಕಂಡಿದೆ) ಅಂತ ಎಚ್ಚರಿಕೆ ಕೊಡುತ್ತೆ. ಆ ಎಚ್ಚರಿಕೆ ಬಂದಾಗ ಮುಂದೆ ಹೋಗ್ಲೇಬೇಡಿ. ಎಲ್‌ವಿಎಂ ಫಿಲ್ಟರ್ ಅಥವಾ ಡಿವೈಸಸ್ ಫೈಲಲ್ಲಿ ಮಲ್ಟಿಪಾತ್ ಹೆಸರು ಮಾತ್ರ ಬಿಟ್ಟು ಉಳಿದಿದ್ದು ಮುಚ್ಚಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಓಡೋ ಚಿಕ್ಕ ಸಿಸ್ಟಮ್) ಮತ್ತೆ ಕಟ್ಟಿ ರೀಬೂಟ್ ಮಾಡಿ ನೋಡಿ.

ಇದಕ್ಕಿಂತ ಅಪಾಯದ್ದು ಎಂಪಾತ್ ಎ, ಎಂಪಾತ್ ಬಿ ಅನ್ನೋ ಸುಲಭ ಹೆಸರುಗಳು. ಆ ಹೆಸರು ಪ್ರತಿ ಸರ್ವರ್ ತಾನು ಕಂಡ ಕ್ರಮದಲ್ಲಿ ತಾನೇ ಕೊಡೋದು. ಹಾಗಾಗಿ ಮೊದಲ್ನೇ ಸರ್ವರಿನ ಎಂಪಾತ್ ಎ ಡೇಟಾಬೇಸ್ ಡಿಸ್ಕ್ ಇರ್ಬಹುದು, ಎರಡ್ನೇ ಸರ್ವರಿನ ಎಂಪಾತ್ ಎ ಬೇರೆ ಯಾವುದೋ ಡಿಸ್ಕ್ ಇರ್ಬಹುದು, ಇದು ಎರಡು ವಸ್ತುಗೆ ಒಂದೇ ಹೆಸರು. ಅದನ್ನ ನಂಬಿ ಫಾರ್ಮ್ಯಾಟ್ ಮಾಡಿದ್ರೆ ವಾಪಸ್ ಬರೋ ದಾರಿ ಇಲ್ಲ. ಡಬ್ಲ್ಯುಡಬ್ಲ್ಯುಐಡಿ ಅನ್ನೋದು ಮಾತ್ರ ಡಿಸ್ಕಿನ ನಿಜವಾದ ಹೆಸರು, ಸ್ಟೋರೇಜ್ ಕೊಟ್ಟಿದ್ದು, ಎಲ್ಲಾ ಕಡೆ ಒಂದೇ ಇರುತ್ತೆ. ಮಲ್ಟಿಪಾತ್ ಕಾನ್ಫಿಗಲ್ಲಿ ಡಬ್ಲ್ಯುಡಬ್ಲ್ಯುಐಡಿಗೆ ನೀವೇ ಒಂದು ಅರ್ಥ ಇರೋ ಹೆಸರು ಕೊಟ್ಟು ಆ ಫೈಲ್ ಎಲ್ಲಾ ಸರ್ವರಿಗೂ ಕಾಪಿ ಮಾಡಿ. ಫಾರ್ಮ್ಯಾಟ್ ಮಾಡೋ ಮುಂಚೆ ಎರಡೂ ಸರ್ವರಲ್ಲಿ ಡಬ್ಲ್ಯುಡಬ್ಲ್ಯುಐಡಿಯ ಕೊನೇ ಆರು ಅಕ್ಷರ ಬಾಯಲ್ಲಿ ಓದಿ ಹೋಲಿಸೋದು ನನ್ನ ಅಭ್ಯಾಸ, ನಿಧಾನ ಅನ್ಸುತ್ತೆ, ಆದ್ರೂ ಬಿಡಲ್ಲ.

ಇನ್ನೊಂದು ಸೆಟಿಂಗ್, ಎಲ್ಲಾ ಪಾತ್ ಸತ್ತಾಗ ಏನು ಮಾಡ್ಬೇಕು ಅನ್ನೋದು. ಕ್ಯೂ ಅಂತ ಇಟ್ರೆ ಸ್ಟೋರೇಜ್ ಬರೋವರೆಗೂ ಐಒ (ಓದೋದು ಬರೆಯೋದು) ಅನಂತವಾಗಿ ಕಾಯುತ್ತೆ, ಪ್ರೋಸೆಸ್‌ಗಳು ಡಿ ಸ್ಟೇಟಲ್ಲಿ (ಕೊಲ್ಲೋಕೂ ಆಗದ ಕಾಯೋ ಸ್ಥಿತಿ) ಸಿಕ್ಕಾಕೊಳ್ಳುತ್ತೆ, ಕ್ಲಸ್ಟರ್ ಆ ಫೈಲ್ ಸಿಸ್ಟಮ್ ಅನ್‌ಮೌಂಟ್ ಮಾಡೋಕೂ ಆಗದೇ ಫೇಲೋವರೇ (ಕೆಲಸ ಇನ್ನೊಂದು ಸರ್ವರಿಗೆ ಹೋಗೋದು) ನಿಲ್ಲುತ್ತೆ. ಒಂಟಿ ಸರ್ವರಿಗೆ ಅದು ಸರಿ ಇರ್ಬಹುದು, ಕ್ಲಸ್ಟರಲ್ಲಿ ಇಷ್ಟು ಸಲ ಪ್ರಯತ್ನ ಮಾಡಿ ಫೇಲ್ ಆಗು ಅಂತ ಒಂದು ಸಂಖ್ಯೆ ಕೊಡಿ.

ಎರಡು ಕಡೆ ಮೌಂಟ್ ಮಾಡೋದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಡೇಟಾ ಹೋಗೋದು ಇಲ್ಲೇ. ಡಿಸ್ಕ್ ಎರಡೂ ಸರ್ವರಿಗೆ ಕಾಣ್ತಿದೆ, ಶೇರ್ಡ್ ಸ್ಟೋರೇಜ್ ಅಂತ ಹೆಸರೇ ಇದೆ, ಹಾಗಾಗಿ ಎರಡೂ ಕಡೆ ಮೌಂಟ್ ಮಾಡ್ಬಹುದು ಅನ್ಕೊಂಡು ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ (ಲಿನಕ್ಸಿನ ಸಾಮಾನ್ಯ ಫೈಲ್ ಸಿಸ್ಟಮ್) ಮಾಡಿ ಎರಡೂ ಕಡೆ ಮೌಂಟ್ ಮಾಡ್ತಾರೆ. ಮೌಂಟ್ ಆಗುತ್ತೆ. ಒಂದು ಕಡೆ ಫೈಲ್ ಬರೆದ್ರೆ ಇನ್ನೊಂದು ಕಡೆ ಕಾಣಲ್ಲ, ಅದಕ್ಕೆ ಜನ ಸಿಂಕ್ ಆಗ್ತಿಲ್ಲ ಸ್ಟೋರೇಜ್ ಪ್ರಾಬ್ಲಂ ಅಂತ ಹುಡುಕ್ತಾರೆ. ಸ್ಟೋರೇಜ್ ಸರಿಯಾಗೇ ಇದೆ. ಈ ಫೈಲ್ ಸಿಸ್ಟಮ್‌ಗಳು ಡಿಸ್ಕಿಗೆ ಯಜಮಾನ ನಾನೊಬ್ನೇ ಅನ್ಕೊಂಡು ಕೆಲಸ ಮಾಡೋವು, ಪ್ರತಿ ಸರ್ವರೂ ತನ್ನ ಮೆಮೊರಿಯಲ್ಲಿ ಇರೋ ಕಾಪಿ ನೋಡುತ್ತೆ, ಖಾಲಿ ಜಾಗ ಯಾವುದು ಅಂತ ತಾನೇ ನಿರ್ಧಾರ ಮಾಡುತ್ತೆ, ಎರಡೂ ಒಂದೇ ಬ್ಲಾಕಿಗೆ ಬರೀತವೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ. ಹಾಳಾಗಿದ್ದು ತಕ್ಷಣ ಗೊತ್ತಾಗಲ್ಲ, ಗೊತ್ತಾದಾಗ ರಿಪೇರಿ ಮಾಡೋಕೆ ಉಳಿದಿರೋದು ಕಡಿಮೆ.

ನಿಜವಾಗ್ಲೂ ಎರಡೂ ಕಡೆ ಒಟ್ಟಿಗೆ ಮೌಂಟ್ ಬೇಕು ಅಂದ್ರೆ ಜಿಎಫ್‌ಎಸ್2, ಒಸಿಎಫ್‌ಎಸ್2 ಥರದ ಕ್ಲಸ್ಟರ್ ಫೈಲ್ ಸಿಸ್ಟಮ್ ಬೇಕು, ವಿಂಡೋಸಲ್ಲಿ ಕ್ಲಸ್ಟರ್ ಶೇರ್ಡ್ ವಾಲ್ಯೂಮ್, ವಿಎಂವೇರಲ್ಲಿ ವಿಎಂಎಫ್‌ಎಸ್ ಈ ಕೆಲಸ ಮಾಡುತ್ತೆ. ಅಷ್ಟು ಬೇಡ, ಒಂದು ಸತ್ರೆ ಇನ್ನೊಂದು ಎತ್ಕೊಂಡ್ರೆ ಸಾಕು ಅಂದ್ರೆ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಸಾಕು, ಆದ್ರೆ ಒಂದು ಸಲಕ್ಕೆ ಒಂದೇ ಕಡೆ ಮೌಂಟ್, ಅದೂ ಕ್ಲಸ್ಟರ್ ಕೈಯಿಂದ ಮಾತ್ರ. ಎಲ್‌ವಿಎಂ ಬೂಟಲ್ಲಿ ತಾನಾಗೇ ಆ ವಾಲ್ಯೂಮ್ ಗ್ರೂಪ್ ಆಕ್ಟಿವೇಟ್ ಮಾಡದ ಹಾಗೆ ಸಿಸ್ಟಮ್ ಐಡಿ (ಇದು ಯಾವ ಸರ್ವರಿನದು ಅನ್ನೋ ಗುರುತು) ಹಾಕಿ. ಹೆಚ್ಚಿನವ್ರಿಗೆ ಬೇಕಾಗಿರೋದು ಈ ಎರಡ್ನೇದೇ, ಸುಮ್ನೆ ಕ್ಲಸ್ಟರ್ ಫೈಲ್ ಸಿಸ್ಟಮ್ ತಲೆ ಮೇಲೆ ಹೊತ್ಕೋಬೇಡಿ ಅನ್ನೋದು ನನ್ನ ಅಭಿಪ್ರಾಯ.

ಹಳೇ ಕ್ಲಸ್ಟರ್ ಕಿತ್ತು ಹೊಸದು ಕಟ್ಟುವಾಗ ಡಿಸ್ಕ್ ಕಾಣುತ್ತೆ, ಓದೋಕೆ ಆಗಬಹುದು, ಬರೆಯೋಕೆ ಹೋದ್ರೆ ಎರರ್, ಕರ್ನಲ್ ಲಾಗಲ್ಲಿ ರಿಸರ್ವೇಶನ್ ಕಾನ್ಫ್ಲಿಕ್ಟ್ ಅಂತ ಬಂದ್ರೆ ಹಳೇ ಕ್ಲಸ್ಟರ್ ಹಾಕಿದ ಬೀಗ ಡಿಸ್ಕ್ ಮೇಲೆ ಹಾಗೇ ಉಳ್ಕೊಂಡಿದೆ ಅಂತ. ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಅನ್ನೋದು ಇದೇ, ಸರ್ವರ್ ರೀಬೂಟ್ ಮಾಡಿದ್ರೂ ಹೋಗಲ್ಲ. ಎಸ್‌ಜಿ ಪರ್ಸಿಸ್ಟ್ ಕಮಾಂಡಲ್ಲಿ ಯಾರ ಕೀ ಇದೆ ಅಂತ ಓದಿ, ಆ ಡಿಸ್ಕ್ ಬೇರೆ ಯಾರೂ ನಿಜವಾಗಿ ಬಳಸ್ತಿಲ್ಲ ಅಂತ ನೂರಕ್ಕೆ ನೂರು ಖಾತ್ರಿ ಮಾಡ್ಕೊಂಡ್ಮೇಲೆ ಕ್ಲಿಯರ್ ಮಾಡಿ. ವಿಂಡೋಸಲ್ಲಿ ಇದಕ್ಕೆ ಕ್ಲಸ್ಟರ್ ಡಿಸ್ಕ್ ರಿಸರ್ವೇಶನ್ ಕ್ಲಿಯರ್ ಮಾಡೋ ಪವರ್‌ಶೆಲ್ ಕಮಾಂಡ್ ಇದೆ. ವಿಂಡೋಸ್ ವ್ಯಾಲಿಡೇಶನ್ ಟೆಸ್ಟಲ್ಲಿ ಪರ್ಸಿಸ್ಟೆಂಟ್ ರಿಸರ್ವೇಶನ್ ಫೇಲ್ ಆಗ್ತಿದ್ರೆ ಸ್ಟೋರೇಜಿಗೇ ಆ ಸಪೋರ್ಟ್ ಇದ್ಯಾ, ವರ್ಚುವಲ್ ಡಿಸ್ಕ್ ಆದ್ರೆ ಶೇರ್ ಮಾಡೋ ಮೋಡಲ್ಲಿ ಕೊಟ್ಟಿದೀರಾ ಅಂತ ಮೊದ್ಲು ನೋಡಿ.

ಎನ್‌ಎಫ್‌ಎಸ್ (ನೆಟ್‌ವರ್ಕಲ್ಲಿ ಫೋಲ್ಡರ್ ಹಂಚೋ ಪದ್ಧತಿ) ಬಳಸೋರಿಗೆ ಚುಟುಕಾಗಿ: ನಾಲ್ಕನೇ ವರ್ಷನ್ನಿಗೆ ಟಿಸಿಪಿ 2049 ಒಂದೇ ಪೋರ್ಟ್ ಸಾಕು, ಮೂರನೇದಕ್ಕೆ 111 ಮತ್ತು ಬೇರೆ ಪೋರ್ಟುಗಳೂ ಬೇಕು, ಫೈರ್‌ವಾಲಲ್ಲಿ ಮೂರನೇದು ಸತಾಯಿಸೋದು ಅದಕ್ಕೇ. ಫೈಲ್ ಮಾಲೀಕ ಎಲ್ಲಾ ನೋಬಡಿ ಅಂತ ಕಂಡ್ರೆ ಐಡಿ ಮ್ಯಾಪಿಂಗ್ ಡೊಮೈನ್ ಎರಡೂ ಕಡೆ ಒಂದೇ ಇಲ್ಲ. ಎನ್‌ಎಫ್‌ಎಸ್ ಸರ್ವರ್ರೇ ಕ್ಲಸ್ಟರ್ ಆಗಿದ್ದು ಫೇಲೋವರ್ ಆದಾಗ ಕ್ಲೈಂಟಲ್ಲಿ ಸ್ಟೇಲ್ ಫೈಲ್ ಹ್ಯಾಂಡಲ್ (ಹಿಡಿದಿದ್ದ ಫೈಲ್ ಗುರುತು ಇನ್ನು ಸಲ್ಲದು ಅನ್ನೋ ಎರರ್) ಬಂದ್ರೆ ಎಕ್ಸ್‌ಪೋರ್ಟಲ್ಲಿ ಎಫ್‌ಎಸ್‌ಐಡಿ (ಹಂಚಿದ ಫೈಲ್ ಸಿಸ್ಟಮಿನ ಗುರುತು) ಎರಡೂ ನೋಡಲ್ಲಿ ಒಂದೇ ಸಂಖ್ಯೆ ಕೊಡಿ. ಫೇಲೋವರ್ ಆದ್ಮೇಲೆ ಒಂದೂವರೆ ನಿಮಿಷ ನಿಂತ ಹಾಗೆ ಅನ್ಸಿದ್ರೆ ಗಾಬರಿ ಬೇಡ, ಲಾಕ್ ವಾಪಸ್ ತಗೊಳ್ಳೋಕೆ ಅಂತ ಲಿನಕ್ಸ್ ಎನ್‌ಎಫ್‌ಎಸ್ ಸರ್ವರ್ ಕೊಡೋ ಗ್ರೇಸ್ ಟೈಮ್ ಡಿಫಾಲ್ಟಾಗಿ 90 ಸೆಕೆಂಡ್.

ಈಗ ಕ್ಲಸ್ಟರ್ ಸಾಫ್ಟ್‌ವೇರ್

ಇಷ್ಟೂ ಮುಗಿದ್ಮೇಲೆ ಪೇಸ್‌ಮೇಕರ್ (ರಿಸೋರ್ಸ್ ಎಲ್ಲಿ ಓಡ್ಬೇಕು ಅಂತ ನಿರ್ಧರಿಸೋದು), ಕೋರೋಸಿಂಕ್ (ನೋಡುಗಳ ಮಧ್ಯೆ ಮಾತು ನಡೆಸೋದು) ಹಾಕಿ. ಕೋರೋಸಿಂಕ್ ಮಾತಾಡೋದು ಯುಡಿಪಿ 5405ರಲ್ಲಿ, ಪಿಸಿಎಸ್ (ಕ್ಲಸ್ಟರ್ ಸೆಟಪ್ ಮಾಡೋ) ಸರ್ವೀಸ್ ಟಿಸಿಪಿ 2224ರಲ್ಲಿ, ಕ್ವೋರಂ ಡಿವೈಸ್ (ಹೊರಗಿಂದ ಒಂದು ವೋಟ್ ಕೊಡೋ ಮಷೀನ್) ಇದ್ರೆ ಟಿಸಿಪಿ 5403. ವಿಂಡೋಸ್ ಫೇಲೋವರ್ ಕ್ಲಸ್ಟರ್ ಹಾರ್ಟ್‌ಬೀಟ್ (ನಾನು ಬದುಕಿದೀನಿ ಅಂತ ಕಳಿಸೋ ಸಂದೇಶ) 3343. ನೋಡ್ ಅಥೆಂಟಿಕೇಟ್ ಆಯ್ತು ಆದ್ರೆ ಒಬ್ಬರಿಗೊಬ್ಬರು ಕಾಣ್ತಿಲ್ಲ ಅಂದ್ರೆ ಫೈರ್‌ವಾಲಲ್ಲಿ ಟಿಸಿಪಿ ತೆರೆದಿದಾರೆ ಯುಡಿಪಿ ತೆರೆದಿಲ್ಲ, ಹತ್ತಕ್ಕೆ ಹತ್ತು ಸಲ ಮೊದ್ಲು ಅದನ್ನೇ ನೋಡಿ. ಟಿಸಿಪಿಡಂಪ್ ಹಾಕಿ ಪ್ಯಾಕೆಟ್ ಇಲ್ಲಿಂದ ಹೊರಟಿದ್ಯಾ, ಅಲ್ಲಿ ಬಂದಿದ್ಯಾ ಅಂತ ಎರಡೂ ತುದಿಯಲ್ಲಿ ಕಣ್ಣಾರೆ ನೋಡಿದ್ರೆ ವಾದವೇ ಇರಲ್ಲ.

ಹಳೇ ಕೋರೋಸಿಂಕ್ ಮಲ್ಟಿಕಾಸ್ಟ್ (ಒಂದೇ ಪ್ಯಾಕೆಟ್ ಗುಂಪಿಗೆಲ್ಲಾ ಕಳಿಸೋದು) ಬಳಸೋ ಕಡೆ ಕ್ಲಸ್ಟರ್ ಚೆನ್ನಾಗಿ ಎದ್ದು, ನಾಲ್ಕೈದು ನಿಮಿಷ ಆದ್ಮೇಲೆ ಯಾವ ಕಾರಣನೂ ಇಲ್ದೆ ಒಡೆದುಹೋಗುತ್ತೆ, ಪ್ರತಿ ಸಲ ಅಷ್ಟೇ ಹೊತ್ತಿಗೆ. ಇದು ಸ್ವಿಚ್ಚಿನ ಐಜಿಎಂಪಿ ಸ್ನೂಪಿಂಗ್ (ಗ್ರೂಪಲ್ಲಿ ಇರೋರ ಪೋರ್ಟಿಗೆ ಮಾತ್ರ ಮಲ್ಟಿಕಾಸ್ಟ್ ಬಿಡೋದು). ಆ ಗ್ರೂಪಲ್ಲಿ ಯಾರಿದಾರೆ ಅಂತ ಆಗಾಗ ಕೇಳೋ ಕ್ವೆರಿಯರ್ ನೆಟ್‌ವರ್ಕಲ್ಲಿ ಇಲ್ದಿದ್ರೆ ಡಿಫಾಲ್ಟ್ 260 ಸೆಕೆಂಡ್ ಕಳೆದ್ಮೇಲೆ ಯಾರೂ ಇಲ್ಲ ಅಂತ ಸ್ವಿಚ್ ಆ ಟ್ರಾಫಿಕ್ ನಿಲ್ಸಿಬಿಡುತ್ತೆ. ಕ್ವೆರಿಯರ್ ಆನ್ ಮಾಡ್ಸಿ, ಅದು ಆಗ್ಲಿಲ್ಲ ಅಂದ್ರೆ ಯೂನಿಕಾಸ್ಟ್‌ಗೆ (ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸೋದು) ಬನ್ನಿ. ಹೊಸ ಕೋರೋಸಿಂಕ್ 3ರಲ್ಲಿ ಕೆನೆಟ್ ಅನ್ನೋ ಯೂನಿಕಾಸ್ಟ್ ದಾರಿಯೇ ಡಿಫಾಲ್ಟ್, 8 ಲಿಂಕ್‌ವರೆಗೂ ಕೊಡ್ಬಹುದು, ಕನಿಷ್ಠ ಎರಡು ಕೊಡಿ.

ರಾತ್ರಿ ಬ್ಯಾಕಪ್ ಓಡೋ ಹೊತ್ತಿಗೇ ನೋಡ್ ಬೀಳುತ್ತೆ ಅಂದ್ರೆ ಹಾರ್ಟ್‌ಬೀಟೂ ಬ್ಯಾಕಪ್ಪೂ ಒಂದೇ ತಂತಿಯಲ್ಲಿದೆ ಅಂತ ಅರ್ಥ. ಟೋಕನ್ ಟೈಮೌಟ್ (ನೋಡ್ ಸದ್ದಿಲ್ಲ ಅಂತ ತೀರ್ಮಾನಿಸೋಕೆ ಕಾಯೋ ಹೊತ್ತು) ಹಳೇ ವರ್ಷನ್ನಲ್ಲಿ 1000 ಮಿಲಿಸೆಕೆಂಡ್, ಈಗಿನದ್ರಲ್ಲಿ 3000. ಬಹಳ ಜನ ಸೀದಾ ಅದನ್ನೇ ಹೆಚ್ಚಿಸ್ತಾರೆ, ನಾನು ಅದನ್ನ ಕೊನೇಗೆ ಇಡ್ತೀನಿ. ಮೊದ್ಲು ಹಾರ್ಟ್‌ಬೀಟನ್ನ ಸ್ಟೋರೇಜ್ ಟ್ರಾಫಿಕ್ಕಿಂದ ಬೇರೆ ಮಾಡಿ, ಟೈಮೌಟ್ ದೊಡ್ಡದು ಮಾಡೋದು ನೋವಿಗೆ ಮಾತ್ರೆ ನುಂಗಿದ ಹಾಗೆ, ಗಾಯ ಹಾಗೇ ಇರುತ್ತೆ.

ಎಲ್ಲಾ ನೋಡ್ ಆನ್‌ಲೈನ್, ಡಿಸ್ಕ್ ಸರಿ, ಆದ್ರೂ ಒಂದು ರಿಸೋರ್ಸೂ ಏಳ್ತಿಲ್ಲ ಅಂದ್ರೆ ಪೇಸ್‌ಮೇಕರಲ್ಲಿ ಸ್ಟೋನಿತ್ (ಫೆನ್ಸಿಂಗ್, ಅಂದ್ರೆ ಮಾತು ನಿಲ್ಸಿದ ನೋಡನ್ನ ಬಲವಂತವಾಗಿ ಆಫ್ ಮಾಡೋದು ಅಥವಾ ಡಿಸ್ಕಿಂದ ದೂರ ಇಡೋದು) ಡಿಫಾಲ್ಟಾಗಿ ಆನ್ ಇದೆ, ನೀವು ಫೆನ್ಸಿಂಗ್ ಡಿವೈಸ್ ಕೊಟ್ಟಿಲ್ಲ, ಅದಕ್ಕೇ ಅದು ನಿರಾಕರಿಸ್ತಿದೆ. ಹುಡುಕಿದ್ರೆ ಎಲ್ಲಾ ಕಡೆ ಸಿಗೋ ಉತ್ತರ ಸ್ಟೋನಿತ್ ಆಫ್ ಮಾಡಿ ಅಂತ. ಶೇರ್ಡ್ ಡಿಸ್ಕ್ ಇರೋ ಕಡೆ ದಯವಿಟ್ಟು ಹಾಗೆ ಮಾಡ್ಬೇಡಿ. ಮಾತು ನಿಲ್ಸಿದ ನೋಡ್ ಸತ್ತಿದ್ಯೋ, ಬದುಕಿ ಇನ್ನೂ ಡಿಸ್ಕಿಗೆ ಬರೀತಿದ್ಯೋ ಅಂತ ಇನ್ನೊಂದಕ್ಕೆ ಗೊತ್ತಾಗೋ ದಾರಿನೇ ಇಲ್ಲ, ಫೆನ್ಸಿಂಗ್ ಒಂದೇ ಅದನ್ನ ಖಚಿತ ಮಾಡೋದು. ಮ್ಯಾನೇಜ್‌ಮೆಂಟ್ ಕಾರ್ಡಿಂದ ಪವರ್ ಕಟ್ ಮಾಡೋದಾಗ್ಲಿ, ಸ್ಕಸಿ ರಿಸರ್ವೇಶನ್ ಕಿತ್ತು ಡಿಸ್ಕಿಂದ ಹೊರಗೆ ಹಾಕೋದಾಗ್ಲಿ, ಎಸ್‌ಬಿಡಿ ಜೊತೆ ವಾಚ್‌ಡಾಗ್ (ತೊಂದ್ರೆ ಆದ ಸರ್ವರ್ ತನ್ನನ್ನ ತಾನೇ ರೀಸೆಟ್ ಮಾಡ್ಕೊಳ್ಳೋದು) ಆಗ್ಲಿ, ಯಾವುದಾದ್ರೂ ಒಂದು ಇರ್ಲೇಬೇಕು. ಎರಡೇ ನೋಡ್ ಇದ್ರೆ ಟೂ ನೋಡ್ ಸೆಟಿಂಗ್ ಹಾಕಿ, ಅದರ ಜೊತೆ ವೇಟ್ ಫಾರ್ ಆಲ್ ತಾನೇ ಆನ್ ಆಗುತ್ತೆ, ಅಂದ್ರೆ ಮೊದಲ್ನೇ ಸಲ ಎರಡೂ ಒಟ್ಟಿಗೆ ಬರೋವರೆಗೂ ಕ್ಲಸ್ಟರ್ ಕಾಯುತ್ತೆ. ಒಂದೇ ನೋಡ್ ಬೂಟ್ ಮಾಡಿ ಯಾಕೆ ಏಳ್ತಿಲ್ಲ ಅಂತ ಕೇಳೋರಿಗೆ ಉತ್ತರ ಅದು. ಸಾಧ್ಯ ಇದ್ರೆ ಬೇರೆ ಒಂದು ಚಿಕ್ಕ ಮಷೀನಲ್ಲಿ ಕ್ವೋರಂ ಡಿವೈಸ್ ಇಡಿ, ಜಗಳ ಬಗೆಹರ್ಸೋಕೆ ಮೂರನೇ ವೋಟ್ ಸಿಗುತ್ತೆ.

ಡೇಟಾ ಹಾಕೋ ಮುಂಚೆ ಮುರಿದು ನೋಡಿ

ಸಾಫ್ಟ್‌ವೇರಲ್ಲಿ ಇಂಟರ್‌ಫೇಸ್ ಡೌನ್ ಮಾಡಿ ಟೆಸ್ಟ್ ಆಯ್ತು ಅನ್ಬೇಡಿ, ನಿಜವಾದ ತೊಂದ್ರೆ ಬರೋದು ಹಾಗಲ್ಲ. ಫೈಲ್ ಬರೆಯೋ ಒಂದು ಸಣ್ಣ ಲೂಪ್, ಸೆಕೆಂಡಿಗೊಂದು ಟೈಮ್ ಬರೆಯೋ ಅಂಥದ್ದು, ಶೇರ್ಡ್ ಡಿಸ್ಕ್ ಮೇಲೆ ಓಡ್ಸಿ. ಮೊದಲ್ನೇ ಸ್ಟೋರೇಜ್ ಕೇಬಲ್ ಕೈಯಲ್ಲಿ ಕೀಳಿ, ಮಲ್ಟಿಪಾತಲ್ಲಿ ಅರ್ಧ ಪಾತ್ ಫೇಲ್ ಅಂತ ತೋರ್ಸ್ಬೇಕು, ಲೂಪ್ ನಿಲ್ಬಾರ್ದು, ಕೆಲವು ಸೆಕೆಂಡ್ ತಡೆದ್ರೆ ಪರವಾಗಿಲ್ಲ. ವಾಪಸ್ ಹಾಕಿ, ಪಾತ್ ತಾನಾಗೇ ಆಕ್ಟಿವ್ ಆಗೋವರೆಗೂ ಕಾಯಿರಿ, ಆಮೇಲೇ ಎರಡ್ನೇದು ಕೀಳಿ. ಎಲ್ಲಾ ಸ್ಟೋರೇಜ್ ಕೇಬಲ್ ಒಟ್ಟಿಗೆ ಕಿತ್ತಾಗ ಕ್ಲಸ್ಟರ್ ಅದನ್ನ ಗಮನಿಸಿ ರಿಸೋರ್ಸ್ ಆಚೆ ಕಡೆ ಕಳಿಸ್ಬೇಕು, ಮಾನಿಟರ್ ಬರೀ ಮೌಂಟ್ ಇದ್ಯಾ ಅಂತ ಮಾತ್ರ ನೋಡ್ತಿದ್ರೆ ಗಮನಿಸೋದೇ ಇಲ್ಲ, ಹಾಗಾಗಿ ಓದಿ ಬರೆದು ನೋಡೋ ಮಟ್ಟದ ಮಾನಿಟರ್ ಇಡಿ. ಹಾರ್ಟ್‌ಬೀಟ್ ಕೇಬಲ್ ಪೂರ್ತಿ ಕಿತ್ತಾಗ ಒಂದು ನೋಡ್ ಮಾತ್ರ ಪವರ್ ಆಫ್ ಆಗ್ಬೇಕು, ಎರಡೂ ಒಬ್ಬರನ್ನೊಬ್ರು ಹೊಡ್ಕೊಂಡು ಬಿದ್ರೆ ಒಂದು ಫೆನ್ಸ್ ಡಿವೈಸಿಗೆ ಕೆಲವು ಸೆಕೆಂಡ್ ಡಿಲೇ ಹಾಕಿ ಮತ್ತೆ ಅದೇ ಟೆಸ್ಟ್ ಮಾಡಿ. ಕೊನೇಗೆ ಓಡ್ತಿರೋ ಸರ್ವರಿನ ಪವರ್ ಕೇಬಲ್ಲೇ ಕಿತ್ತು, ಆಚೆ ಸರ್ವರಲ್ಲಿ ಆ ಲೂಪ್ ಫೈಲ್ ತೆಗ್ದು ಕೊನೇ ಟೈಮ್ ಯಾವುದು, ಮತ್ತೆ ಶುರುವಾದ ಟೈಮ್ ಯಾವುದು ನೋಡಿ, ಮಧ್ಯದ ಅಂತರ ಎಷ್ಟು ಸೆಕೆಂಡ್ ಅಂತ ಬರ್ದಿಟ್ಕೊಳ್ಳಿ, ಫೇಲೋವರಿಗೆ ಎಷ್ಟು ಹೊತ್ತಾಗುತ್ತೆ ಅಂತ ನಾಳೆ ಯಾರಾದ್ರೂ ಕೇಳಿದ್ರೆ ಕೊಡ್ಬೇಕಾದ ಲೆಕ್ಕ ಅದೇ.